ಜೋಸೆಫ್ ಹೆನ್ರಿ

ದೊಡ್ಡ ಕೆರೆಯ ತೂಬಿನ ಬಳಿ ನಿಂತಿರುವ ನೀರಗಂಟಿಯನ್ನು ನೆನೆದುಕೊಳ್ಳಿ. ಅವನ ತೋಳಿನ ಬಲ ಅಲ್ಪ. ಕೆರೆಯ ನೀರಿನ ಬಲ ಅಪಾರ. ಆದರೂ ಅವನು ತೂಬನ್ನು ಎತ್ತಿದರೆ ನೀರು ಗದ್ದೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ನೀರಿನ ಸೆಳೆತಕ್ಕೆ ತಾನು ಸಿಕ್ಕದೆ, ಏರಿಯ ಮೇಲೆ ನಿಂತುಕೊಂಡೇ ಅವನು ಆ ಮಹಾಶಕ್ತಿಯನ್ನು ತನ್ನ ಅಂಕೆಯಲ್ಲಿ ಇಟ್ಟುಕೊಂಡಿರುತ್ತಾನೆ. ಅವನೇನಾದರೂ ತೂಬನ್ನು ಬಿಟ್ಟು ಪ್ರವಾಹಕ್ಕೆ ಎದೆಯೊಡ್ಡಿ ನಿಂತರೆ ಕೊಚ್ಚಿಕೊಂಡು ಹೋಗುವುದು ನಿಶ್ಚಯ. ಅಲ್ಪಬಲವು ಮಹಾಬಲವನ್ನು ಆಳಬೇಕಾದರೆ ಎರಡರ ನಡುವೆ ತಕ್ಕ ಅಂತರವಿರಬೇಕು.

ವಿದ್ಯುತ್ತಿನ ಪ್ರಪಂಚದಲ್ಲಿಯೂ ಇದೇ ನಿಯಮ. ನಮ್ಮ ಕಾಲದ ಯಂತ್ರಗಳಲ್ಲಿ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕಬಿಲ್ಲೆಯೊಂದು ಇರುತ್ತದೆ. ಅದರ ಗಾತ್ರ ಹೆಬ್ಬೆರಳಿನ ಉಗುರಿನಷ್ಟು. ಸುಮಾರು 5 ವೋಲ್ಟಿನ ಒತ್ತಡದಲ್ಲಿ ಅದು ಕೆಲಸ ಮಾಡುತ್ತದೆ. ಅದರ ಒಂದೊಂದು ಕಾಲೂ ಹೊರಗೆ ಕೊಡಬಲ್ಲ ಪ್ರವಾಹ 20 ಮಿಲಿಆಂಪಿಯರಿನ ಆಸುಪಾಸಿನದು. ಆದರೆ ಅದು ಆಳಬೇಕಾದ ಉಪಕರಣಗಳಿಗೆ ಅದರ ಅನೇಕ ಪಟ್ಟು ಶಕ್ತಿ ಬೇಕು. ತೋಟದ ನೀರನ್ನು ಬಿಡುವ ವಿದ್ಯುತ್ ಕವಾಟ, ಬಾಗಿಲಿನ ಗಂಟೆ ಮೊದಲಾದವುಗಳಲ್ಲಿ ಹಲವು 24 ವೋಲ್ಟಿನ ಪರ್ಯಾಯ ಪ್ರವಾಹದಿಂದ ನಡೆಯುತ್ತವೆ. ಮನುಷ್ಯನ ಮಟ್ಟಿಗೆ 24 ವೋಲ್ಟ್ ಕಡಿಮೆ ಒತ್ತಡವೇ ಆದರೂ ಗಣಕಬಿಲ್ಲೆಯ ಪಾಲಿಗೆ ಅದು ಮೃತ್ಯುವೇ ಸರಿ. ಪ್ರವಾಹ ಹರಿಯುವಾಗಿನ ಅಪಾಯಕ್ಕಿಂತಲೂ ಅದನ್ನು ಥಟ್ಟನೆ ಕಡಿದಾಗ ಏಳುವ ಹೊಡೆತ ಇನ್ನೂ ಭಯಂಕರವಾದುದು. ಪುಟ್ಟದ್ದನ್ನು ದೊಡ್ಡದರಿಂದ ಬೇರೆಯಾಗಿರಿಸುವ ಉಪಾಯವನ್ನೂ, ಪ್ರವಾಹ ಕಡಿದಾಗ ಹೊಡೆತ ಏಕೆ ಏಳುತ್ತದೆಂಬ ಗುಟ್ಟನ್ನೂ ಕಂಡುಕೊಂಡವನು ಒಬ್ಬನೇ ವ್ಯಕ್ತಿ. ಗಣಕಬಿಲ್ಲೆಯ ಹೆಸರನ್ನು ಯಾರೂ ಕನಸಿನಲ್ಲಿಯೂ ಕೇಳಿರದಿದ್ದ ಕಾಲದಲ್ಲಿ ಬಾಳಿದ ಆ ಮಹಾನುಭಾವನೇ ಜೋಸೆಫ್ ಹೆನ್ರಿ.

ಹೆನ್ರಿ 1797ನೆಯ ಇಸವಿಯ ಡಿಸೆಂಬರ್ 17ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದಲ್ಲಿ ಜನಿಸಿದನು. ಸ್ಕಾಟ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬ ಅವನದು. ತಂದೆ ವಿಲಿಯಂ ಕೂಲಿ ಮಾಡಿ ಜೀವಿಸುತ್ತಿದ್ದನು. ಮನೆಯ ಕಷ್ಟದಿಂದಾಗಿ ಹುಡುಗನನ್ನು ಗಾಲ್ವೇ ಎಂಬ ಹಳ್ಳಿಯಲ್ಲಿದ್ದ ಅಜ್ಜಿಯ ಆಶ್ರಯಕ್ಕೆ ಕಳುಹಿಸಿದರು. ಅಲ್ಲಿ ಅವನು ಹಳ್ಳಿಯ ಶಾಲೆಯಲ್ಲಿ ಅಷ್ಟಿಷ್ಟು ಕಲಿತನು, ಅಂಗಡಿಯೊಂದರಲ್ಲಿ ದುಡಿದನು. ತಂದೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡನು. ಹದಿಮೂರನೆಯ ವಯಸ್ಸಿನ ಸುಮಾರಿಗೆ ಆಲ್ಬನಿಗೆ ಮರಳಿ, ಗಡಿಯಾರ ಮತ್ತು ಬೆಳ್ಳಿಯ ಕೆಲಸ ಮಾಡುವವನೊಬ್ಬನ ಬಳಿ ಕಸಬು ಕಲಿಯಲು ಸೇರಿಕೊಂಡನು. ಆ ಕಸಬಿನಲ್ಲಿ ಅವನು ಮುಂದುವರಿಯಲಿಲ್ಲ. ನಾಟಕದ ಮೋಹ ಅವನನ್ನು ಹಿಡಿಯಿತು. ನಟನಾಗಬೇಕೆಂದು ಅವನು ಗಂಭೀರವಾಗಿಯೇ ಯೋಚಿಸಿದ್ದುಂಟು.

ಅವನ ಬಾಳಿನ ದಿಕ್ಕನ್ನು ಬದಲಿಸಿದ್ದು ಒಂದು ಪುಸ್ತಕ. ಹದಿನಾರನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಮನೆಯಲ್ಲಿಯೇ ಉಳಿದಿದ್ದಾಗ, ತಾಯಿಯ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬನ ಪುಸ್ತಕ ಅವನ ಕೈಗೆ ಬಂದಿತು. ಭೌತ, ಖಗೋಳ ಮತ್ತು ರಸಾಯನ ವಿಜ್ಞಾನಗಳ ವಿಷಯವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಜಾರ್ಜ್ ಗ್ರೆಗರಿ ಎಂಬಾತನು ಬರೆದ ಉಪನ್ಯಾಸಗಳ ಸಂಗ್ರಹ ಅದು. ಎಸೆದ ಕಲ್ಲು ಏಕೆ ಕೆಳಗೆ ಬೀಳುತ್ತದೆ, ಜ್ವಾಲೆ ಏಕೆ ಮೇಲಕ್ಕೇ ಏಳುತ್ತದೆ ಎಂಬಂಥ ನಿತ್ಯದ ಸಂಗತಿಗಳ ಬಗೆಗೆ ಪ್ರಶ್ನೆಗಳನ್ನು ಅದು ಎತ್ತಿತ್ತು. ಹುಡುಗನ ಕಣ್ಣು ತೆರೆಯಿತು. ಕಂಡದ್ದನ್ನು ಕಂಡಂತೆ ಬಿಡದೆ ಅದರ ಕಾರಣವನ್ನು ಅರಸಬೇಕೆಂಬ ಹಂಬಲ ಅವನಲ್ಲಿ ಅಂದು ಮೂಡಿತು. ಪುಸ್ತಕದ ಒಡೆಯನು ಅವನ ಆಸಕ್ತಿಯನ್ನು ಕಂಡು ಅದನ್ನು ಅವನಿಗೇ ಕೊಟ್ಟುಬಿಟ್ಟನು. ಹೆನ್ರಿ ಅದನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದನು.

1819ರಲ್ಲಿ ಹೆನ್ರಿ ಆಲ್ಬನಿ ಅಕಾಡೆಮಿಯನ್ನು ಸೇರಿದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ ದಾಟಿತ್ತು; ಜೊತೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅವನಿಗಿಂತ ಬಹಳ ಕಿರಿಯರು. ಶುಲ್ಕವಿಲ್ಲದೆ ಕಲಿಯುವ ಅವಕಾಶ ದೊರೆಯಿತಾದರೂ ಹೊಟ್ಟೆಪಾಡಿಗಾಗಿ ಅವನು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಬೇಕಾಯಿತು. ಸಿರಿವಂತರ ಮಕ್ಕಳಿಗೆ ಮನೆಪಾಠ ಮಾಡಬೇಕಾಯಿತು. 1825ರಲ್ಲಿ ಹಡ್ಸನ್ ನದಿಯಿಂದ ಈರಿ ಸರೋವರದವರೆಗಿನ ರಸ್ತೆಯ ಮೋಜಣಿಯಲ್ಲಿ ಕೆಲಕಾಲ ದುಡಿದನು. 1826ರಲ್ಲಿ ತಾನು ಕಲಿತ ಅಕಾಡೆಮಿಯಲ್ಲಿಯೇ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕನಾದನು. ದಿನಕ್ಕೆ ಏಳು ಗಂಟೆಗಳಷ್ಟು ಪಾಠ. ಅದರಲ್ಲಿ ಬಹುಭಾಗ ಎಳೆಯ ಹುಡುಗರಿಗೆ ಲೆಕ್ಕ ಕಲಿಸುವುದು. ಪ್ರಯೋಗಗಳಿಗೆ ಪ್ರತ್ಯೇಕ ಕೊಠಡಿ ಇರಲಿಲ್ಲ. ಆಗಸ್ಟ್ ತಿಂಗಳ ರಜೆಯಲ್ಲಿ ಶಾಲೆಯ ಸಭಾಂಗಣ ತೆರವಾದಾಗ ಮಾತ್ರ ಅವನು ತನ್ನ ತಂತಿ, ಬ್ಯಾಟರಿಗಳನ್ನು ಹರಡಿಕೊಳ್ಳಬಹುದಾಗಿತ್ತು. ಶಾಲೆ ಮತ್ತೆ ತೆರೆದೊಡನೆ ಎಲ್ಲವನ್ನೂ ಎತ್ತಿಡಬೇಕಾಗಿತ್ತು. ವರ್ಷಕ್ಕೊಂದು ತಿಂಗಳ ಈ ಬಿಡುವಿನಲ್ಲಿಯೇ ಅವನ ಮೊದಲ ಸಾಧನೆಗಳೆಲ್ಲ ನಡೆದುವೆಂಬುದು ಗಮನಾರ್ಹ.

ವಿದ್ಯುತ್ ಪ್ರವಾಹವು ಕಾಂತದ ಸೂಜಿಯನ್ನು ತಿರುಗಿಸುತ್ತದೆಂಬುದನ್ನು ಡೆನ್ಮಾರ್ಕಿನ ಏರ್ಸ್ಟೆಡ್ 1820ರಲ್ಲಿ ಪ್ರಕಟಿಸಿದ್ದನು. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದ ಆಕಾರದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಅದರ ಸುತ್ತ ಬರಿಯ ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿ ವಿದ್ಯುತ್ಕಾಂತವನ್ನು ರಚಿಸಿದ್ದನು. ಅದು ಸುಮಾರು 4 ಕಿಲೋಗ್ರಾಂ ಭಾರವನ್ನು ಎತ್ತುತ್ತಿತ್ತು. ತಂತಿಯ ಸುತ್ತುಗಳು ಒಂದಕ್ಕೊಂದು ತಗಲಿದರೆ ಪ್ರವಾಹ ಅಡ್ಡದಾರಿ ಹಿಡಿಯುತ್ತಿದ್ದುದರಿಂದ ಹೆಚ್ಚು ಸುತ್ತುಗಳನ್ನು ಹಾಕುವಂತಿರಲಿಲ್ಲ. ಹೆನ್ರಿ ಕಬ್ಬಿಣಕ್ಕೆ ಹೊದಿಕೆ ಹಾಕುವುದನ್ನು ಬಿಟ್ಟು ತಂತಿಗೇ ರೇಷ್ಮೆಯ ಹೊದಿಕೆ ಹಾಕಿದನು. ಈಗ ಸುತ್ತಿನ ಪಕ್ಕದಲ್ಲಿ ಸುತ್ತು, ಪದರದ ಮೇಲೆ ಪದರ ಒತ್ತೊತ್ತಾಗಿ ಕೂರಬಹುದಾಯಿತು. ಮಾರ್ಪಾಡು ಅಲ್ಪ, ಫಲ ಅದ್ಭುತ. ಅವನ ವಿದ್ಯುತ್ಕಾಂತವೊಂದು 340 ಕಿಲೋಗ್ರಾಂ ಭಾರವನ್ನು ಹಿಡಿದು ನಿಂತಿತು. 1831ರಲ್ಲಿ ಯೇಲ್ ಕಾಲೇಜಿಗಾಗಿ ಅವನು ಕಟ್ಟಿಕೊಟ್ಟ ವಿದ್ಯುತ್ಕಾಂತ 900 ಕಿಲೋಗ್ರಾಮಿಗೂ ಹೆಚ್ಚಿನ ಭಾರವನ್ನು ಎತ್ತಿತು.

ಬಲವಾದ ಕಾಂತವನ್ನು ಕಟ್ಟಿದ್ದರಿಂದಲೇ ಅವನು ತೃಪ್ತನಾಗಲಿಲ್ಲ. ವಿದ್ಯುತ್ಕಾಂತಗಳಲ್ಲಿ ಎರಡು ಬಗೆಗಳುಂಟೆಂಬುದನ್ನು ಅವನು ಪ್ರಯೋಗದಿಂದ ಕಂಡುಕೊಂಡನು. ಗಿಡ್ಡ ತಂತಿಗಳ ಹಲವು ಸುರುಳಿಗಳುಳ್ಳ ಕಾಂತಕ್ಕೆ ಹತ್ತಿರದಲ್ಲಿಯೇ ಇರುವ ಒಂದು ದೊಡ್ಡ ವಿದ್ಯುತ್ಕೋಶ ಸಾಕು. ಅದು ಭಾರಿ ತೂಕವನ್ನು ಎತ್ತುತ್ತದೆ, ಆದರೆ ದೂರದಿಂದ ಬರುವ ಪ್ರವಾಹಕ್ಕೆ ಜಗ್ಗುವುದಿಲ್ಲ. ಒಂದೇ ಉದ್ದ ತಂತಿಯನ್ನು ಬಹಳ ಸುತ್ತು ಸುತ್ತಿದ ಕಾಂತಕ್ಕೆ ಸಾಲಾಗಿ ಜೋಡಿಸಿದ ಹಲವು ಕೋಶಗಳು ಬೇಕು. ಅದು ಎತ್ತುವ ಭಾರ ಕಡಿಮೆ, ಆದರೆ ಪ್ರವಾಹ ಬಹುದೂರದಿಂದ ಬಂದರೂ ಎಚ್ಚೆತ್ತುಕೊಳ್ಳುತ್ತದೆ. ಅಕಾಡೆಮಿಯ ಕೊಠಡಿಯ ಸುತ್ತ ಒಂದು ಮೈಲಿಗೂ ಮೀರಿದ ತಂತಿಯನ್ನು ಸುತ್ತುಸುತ್ತಾಗಿ ಎಳೆದು, ಅದರ ಒಂದು ತುದಿಯಲ್ಲಿ ಪ್ರವಾಹವನ್ನು ಹಾಯಿಸಿ, ಇನ್ನೊಂದು ತುದಿಯ ಗಂಟೆಯನ್ನು ಬಾರಿಸಿ ತೋರಿಸಿದನು. ದೂರಕ್ಕೆ ಸಂದೇಶ ಕಳುಹಿಸುವ ವಿದ್ಯೆಗೆ ಅದು ಭದ್ರವಾದ ತಳಹದಿಯಾಯಿತು.

ಈ ಉದ್ದ ತಂತಿಗಳ ಪ್ರಯೋಗಗಳ ನಡುವೆ ಹೆನ್ರಿಯ ಕಣ್ಣಿಗೆ ಒಂದು ವಿಚಿತ್ರ ಸಂಗತಿ ಬಿದ್ದಿತು. ಬ್ಯಾಟರಿಗೆ ಗಿಡ್ಡ ತಂತಿಯನ್ನು ಸೇರಿಸಿ ಕಿತ್ತರೆ ಕಿಡಿ ಕಾಣುತ್ತಿರಲಿಲ್ಲ. ಮೂವತ್ತು ನಲವತ್ತು ಅಡಿ ಉದ್ದದ ತಂತಿಯನ್ನು ಸೇರಿಸಿ ಕಿತ್ತರೆ ಕಿತ್ತ ಜಾಗದಲ್ಲಿ ಪ್ರಕಾಶಮಾನವಾದ ಕಿಡಿ ಹಾರುತ್ತಿತ್ತು. ಅದೇ ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಉಗ್ರವಾಗುತ್ತಿತ್ತು. ಬ್ಯಾಟರಿ ಅದೇ, ತಂತಿಯೂ ಅದೇ. ಕಿಡಿಯ ಬಲ ಮಾತ್ರ ಬೇರೆ. ಇದು ಎಲ್ಲಿಂದ ಬಂದಿತು? ಹರಿಯುವ ಪ್ರವಾಹವು ತನ್ನ ಸುತ್ತ ಕಾಂತಕ್ಷೇತ್ರವನ್ನು ಕಟ್ಟಿಕೊಂಡಿರುತ್ತದೆ. ಪ್ರವಾಹವನ್ನು ಕಡಿದಾಗ ಆ ಕ್ಷೇತ್ರ ಕುಸಿಯುತ್ತದೆ; ಕುಸಿಯುವಾಗ ಅದೇ ತಂತಿಯಲ್ಲಿಯೇ ವಿದ್ಯುತ್ತನ್ನು ಪ್ರೇರಿಸಿ, ನಿಲ್ಲಬೇಕಾದ ಪ್ರವಾಹವನ್ನು ಮುಂದಕ್ಕೆ ತಳ್ಳುತ್ತದೆ. ವೇಗವಾಗಿ ಓಡುವ ಬಂಡಿಯನ್ನು ಥಟ್ಟನೆ ತಡೆದರೆ ಒಳಗಿರುವವರು ಮುಂದಕ್ಕೆ ಮುಗ್ಗರಿಸುವಂತೆ, ಕಡಿದ ಪ್ರವಾಹವೂ ಗಾಳಿಯನ್ನೇ ಸೀಳಿಕೊಂಡು ಕಿಡಿಯಾಗಿ ಹಾರುತ್ತದೆ. ಸ್ವಪ್ರೇರಣೆಯೆಂದು ಇದಕ್ಕೆ ಹೆಸರು. 1832ರ ಜುಲೈ ತಿಂಗಳಲ್ಲಿ ಹೆನ್ರಿ ಈ ಸಂಗತಿಯನ್ನು ಪ್ರಕಟಿಸಿದನು.

ಕಾಂತದಿಂದ ವಿದ್ಯುತ್ತನ್ನು ಪಡೆಯಬಹುದೆಂಬ ವಿಷಯದಲ್ಲಿಯೂ ಹೆನ್ರಿ ಸ್ವತಂತ್ರವಾಗಿ ಪ್ರಯೋಗ ನಡೆಸಿದ್ದನು. ಆದರೆ ಬೋಧನೆಯ ಹೊರೆಯಿಂದ ಅವನ ಬರಹ ತಡವಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ಅದನ್ನು ಕಂಡುಹಿಡಿದು ಲೋಕಕ್ಕೆ ಸಾರಿದ್ದನು. ಮೊದಲು ಪ್ರಕಟಿಸಿದವನಿಗೆ ಕೀರ್ತಿ ಸಲ್ಲುವುದು ವಿಜ್ಞಾನದ ಪದ್ಧತಿ. ಹೆನ್ರಿ ಆ ಪದ್ಧತಿಗೆ ತಲೆಬಾಗಿದನು. 1837ರಲ್ಲಿ ಯುರೋಪಿಗೆ ಹೋದಾಗ ಅವನು ಫ್ಯಾರಡೆಯನ್ನು ಕಂಡು ಸ್ನೇಹ ಬೆಳೆಸಿದನು.

1832ರಲ್ಲಿ ಹೆನ್ರಿ ಪ್ರಿನ್ಸ್‌ಟನ್ನಿನ ಕಾಲೇಜಿಗೆ ಪ್ರಾಧ್ಯಾಪಕನಾಗಿ ಹೋದನು. ಅಲ್ಲಿ 1835ರ ಸುಮಾರಿಗೆ ಅವನು ರೂಪಿಸಿದ ಉಪಕರಣವೇ ಮುಂದೆ ರಿಲೇ ಎಂದು ಪ್ರಸಿದ್ಧವಾಯಿತು. ತಾನು ಹಿಂದೆ ಕಂಡ ಎರಡು ಬಗೆಯ ಕಾಂತಗಳನ್ನು ಅವನು ಇಲ್ಲಿ ಒಂದುಗೂಡಿಸಿದನು. ದೂರದಿಂದ ಉದ್ದ ತಂತಿಯ ಮೂಲಕ ಬರುವ ದುರ್ಬಲ ಪ್ರವಾಹ ಚಿಕ್ಕ ಕಾಂತವನ್ನು ಎಚ್ಚರಿಸುತ್ತಿತ್ತು. ಆ ಚಿಕ್ಕ ಕಾಂತ, ಪಾದರಸದ ಬಟ್ಟಲಿನಲ್ಲಿ ಅದ್ದಿದ್ದ ತಂತಿಯ ತುದಿಯನ್ನು ಮೇಲೆತ್ತುತ್ತಿತ್ತು. ತಂತಿ ಮೇಲೆದ್ದೊಡನೆ ದೊಡ್ಡ ಕಾಂತದ ಮಂಡಲ ಕಡಿದು, ಅದು ಹಿಡಿದಿದ್ದ ಭಾರ ಧಡಾರೆಂದು ನೆಲಕ್ಕೆ ಬೀಳುತ್ತಿತ್ತು. ವಿದ್ಯಾರ್ಥಿಗಳು ಬೆರಗಾಗಿ ನೋಡುತ್ತಿದ್ದರು. ಎರಡು ಮಂಡಲಗಳ ನಡುವೆ ತಂತಿಯ ಸಂಬಂಧವೇ ಇರಲಿಲ್ಲ. ಒಂದರ ಪ್ರವಾಹ ಇನ್ನೊಂದಕ್ಕೆ ದಾಟುವಂತಿರಲಿಲ್ಲ. ದಾಟಿದ್ದು ಆಜ್ಞೆ ಮಾತ್ರ. ನೀರಗಂಟಿ ಏರಿಯ ಮೇಲೆಯೇ ಉಳಿದನು. ನೀರು ಕಾಲುವೆಯಲ್ಲಿಯೇ ಹರಿಯಿತು.

ಪ್ರಿನ್ಸ್‌ಟನ್ನಿನಲ್ಲಿ ಅವನು ತನ್ನ ಪ್ರಯೋಗಶಾಲೆಗೂ ಮನೆಗೂ ನಡುವೆ ತಂತಿಯನ್ನು ಎಳೆದು ಪತ್ನಿ ಹ್ಯಾರಿಯೆಟ್ಟಳಿಗೆ ಸಂಕೇತಗಳನ್ನು ಕಳುಹಿಸುತ್ತಿದ್ದನು. ಒಂದು ಸುರುಳಿಯಿಂದ ಇನ್ನೊಂದು ಸುರುಳಿಗೆ ವಿದ್ಯುತ್ತನ್ನು ಪ್ರೇರಿಸುವಾಗ ಒತ್ತಡವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು ಎಂಬುದನ್ನು 1838ರಲ್ಲಿ ವಿವರಿಸಿದನು. ಇಂದು ಮನೆಯ 230 ವೋಲ್ಟನ್ನು 24 ವೋಲ್ಟಿಗೆ ಇಳಿಸಿಕೊಡುವ ಪರಿವರ್ತಕದ ತತ್ತ್ವ ಇದೇ. ಮನೆಯ ತಗಡಿನ ಮಾಡಿನಿಂದ ನೆಲಕ್ಕೆ ತಂತಿ ಇಳಿಸಿ, ನಡುವೆ ಸುರುಳಿಯೊಳಗೆ ಸೂಜಿಯನ್ನಿಟ್ಟು, ಮೈಲಿಗಳಾಚೆ ಹೊಳೆದ ಮಿಂಚೂ ಸೂಜಿಯನ್ನು ಕಾಂತವಾಗಿಸುತ್ತದೆಂದು ತೋರಿಸಿದನು. ವಿದ್ಯುತ್ತಿನ ಹೊಡೆತ ತಂತಿಯ ದಾರಿಯಲ್ಲಿ ಮಾತ್ರವಲ್ಲದೆ ಬಯಲಿನಲ್ಲಿಯೂ ದೂರ ಹರಡಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಹೆನ್ರಿಯ ಈ ಕಾಣಿಕೆಗಳು ನಮ್ಮ ಕಾಲದ ಗಣಕಬಿಲ್ಲೆಯನ್ನು ಹೇಗೆ ಕಾಯುತ್ತವೆಂಬುದನ್ನು ಇಲ್ಲಿ ಅರಿತುಕೊಳ್ಳುವುದು ಉಚಿತ. ಗಣಕಬಿಲ್ಲೆ 24 ವೋಲ್ಟಿನ ಕವಾಟವನ್ನು ತೆರೆಯಬೇಕಾಗಿದೆ ಎಂದು ಭಾವಿಸೋಣ. 24 ವೋಲ್ಟಿನ ಪರ್ಯಾಯ ಪ್ರವಾಹದ ಅಲೆ ತನ್ನ ಶಿಖರದಲ್ಲಿ ಸುಮಾರು 34 ವೋಲ್ಟನ್ನು ಮುಟ್ಟುತ್ತದೆ. 5 ವೋಲ್ಟಿನ ಬಿಲ್ಲೆ ಅದನ್ನು ತಾಳಲಾರದು. ಆದುದರಿಂದ ನಡುವೆ ರಿಲೇಯನ್ನು ಇಡುತ್ತಾರೆ. ಬಿಲ್ಲೆಯ ಆಜ್ಞೆ ಸಣ್ಣ ಟ್ರಾನ್ಸಿಸ್ಟರಿನ ಮೂಲಕ ರಿಲೇಯ ಸುರುಳಿಗೆ ಪ್ರವಾಹ ಹಾಯಿಸುತ್ತದೆ. ಸುರುಳಿ ಕಾಂತವಾಗಿ ಲೋಹದ ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿ ಕವಾಟದ ಮಂಡಲವನ್ನು ಕೂಡಿಸುತ್ತದೆ. ಪ್ರಿನ್ಸ್‌ಟನ್ನಿನ ಪಾದರಸದ ಬಟ್ಟಲಿನ ಕೆಲಸವನ್ನು ಈಗ ಈ ಪಟ್ಟಿ ಮಾಡುತ್ತದೆ.

ಇಷ್ಟರಿಂದಲೇ ಅಪಾಯ ತೀರಲಿಲ್ಲ. ರಿಲೇಯ ಸುರುಳಿಯೂ ಸುರುಳಿಯೇ. ಅದರ ಪ್ರವಾಹ ನಿಂತಾಗ ಹೆನ್ರಿ ಕಂಡ ಹೊಡೆತವೇ ಏಳುತ್ತದೆ. ಆ ಹೊಡೆತದ ಅಳತೆಯನ್ನು ಲೆಕ್ಕ ಹಾಕಬಹುದು. ಪ್ರವಾಹ ಸೆಕೆಂಡಿಗೆ 1 ಆಂಪಿಯರಿನಂತೆ ಬದಲಾದಾಗ 1 ವೋಲ್ಟನ್ನು ಪ್ರೇರಿಸುವ ಸುರುಳಿಯ ಸ್ವಪ್ರೇರಣೆಯನ್ನು 1 ಹೆನ್ರಿ ಎನ್ನುತ್ತಾರೆ. ಅಂಥ ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹ ಆಂಪಿಯರಿನ ಹತ್ತರಲ್ಲಿ ಒಂದು ಪಾಲು ಮಾತ್ರವೆನ್ನೋಣ. ಅದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ನಿಂತುಹೋದರೆ ಏಳುವ ಒತ್ತಡ 1000 ವೋಲ್ಟು! 5 ವೋಲ್ಟಿನ ಬಿಲ್ಲೆಯ ನೆರೆಯಲ್ಲಿ ಇಂಥ ಸ್ಫೋಟ ನಡೆದರೆ ಟ್ರಾನ್ಸಿಸ್ಟರು ಸುಟ್ಟು, ಬಿಲ್ಲೆಯೂ ಹಾಳಾಗಬಹುದು.

ಕೆರೆ ತುಂಬಿ ಏರಿ ಒಡೆಯದಿರಲೆಂದು ನಮ್ಮ ಹಿರಿಯರು ಕೋಡಿಯನ್ನು ಕಟ್ಟುತ್ತಿದ್ದರು. ಹೆಚ್ಚಿನ ನೀರು ಕೋಡಿಯ ಮೂಲಕ ಹರಿದುಹೋಗುತ್ತಿತ್ತು. ರಿಲೇಯ ಸುರುಳಿಗೂ ಇಂಥ ಕೋಡಿ ಬೇಕು. ಒಂದೇ ದಿಕ್ಕಿಗೆ ಪ್ರವಾಹವನ್ನು ಬಿಡುವ ಡಯೋಡನ್ನು ಸುರುಳಿಯ ಎರಡು ತುದಿಗಳ ನಡುವೆ ತಿರುವುಮುರುವಾಗಿ ಜೋಡಿಸುತ್ತಾರೆ. ಸುರುಳಿ ಕೆಲಸ ಮಾಡುವಾಗ ಅದು ಸುಮ್ಮನಿರುತ್ತದೆ. ಪ್ರವಾಹ ಕಡಿದ ಕ್ಷಣದಲ್ಲಿ ಅದು ದಾರಿಯನ್ನು ತೆರೆದು, ಉಳಿದ ಪ್ರವಾಹ ಸುರುಳಿಯಲ್ಲಿಯೇ ಸುತ್ತಿ ಸುತ್ತಿ ತಣಿಯುವಂತೆ ಮಾಡುತ್ತದೆ.

ಕವಾಟದ ಕಡೆಯಲ್ಲಿ ಈ ಉಪಾಯ ನಡೆಯದು. ಅಲ್ಲಿ ಹರಿಯುವುದು ಪರ್ಯಾಯ ಪ್ರವಾಹ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಕವಾಟಕ್ಕೆ ಅಡ್ಡಲಾಗಿ ಡಯೋಡನ್ನಿಟ್ಟರೆ ಪ್ರತಿ ಅಲೆಯ ಅರ್ಧಭಾಗದಲ್ಲಿ ಪ್ರವಾಹವೆಲ್ಲ ಕವಾಟವನ್ನು ಬಿಟ್ಟು ಡಯೋಡಿನಲ್ಲಿಯೇ ನುಗ್ಗಿ ಅದನ್ನು ಸುಟ್ಟುಬಿಡುತ್ತದೆ. ಆದುದರಿಂದ ಸುಮಾರು 100 ಓಮಿನ ರೋಧಕವನ್ನೂ 0.1 ಮೈಕ್ರೊಫ್ಯಾರಡಿನ ಧಾರಕವನ್ನೂ ಸಾಲಾಗಿ ಸೇರಿಸಿ, ರಿಲೇಯ ಸಂಪರ್ಕಪಟ್ಟಿಗಳಿಗೆ ಅಡ್ಡಲಾಗಿ ಇಡುತ್ತಾರೆ. ಪಟ್ಟಿಗಳು ಬೇರೆಯಾದಾಗ ಹಾರಬೇಕಾದ ಕಿಡಿಯ ಶಕ್ತಿಯನ್ನು ಧಾರಕ ನುಂಗಿಕೊಳ್ಳುತ್ತದೆ. ರೋಧಕ ಅದನ್ನು ಶಾಖವಾಗಿ ಕರಗಿಸುತ್ತದೆ. ಕಿಡಿ ಉಳಿದರೆ ಪಟ್ಟಿಗಳು ಸವೆಯುವುದಲ್ಲದೆ, ಮಿಂಚು ದೂರದ ಸೂಜಿಯನ್ನು ತಟ್ಟಿದಂತೆ ಕಿಡಿಯ ಕಂಪನ ಬಿಲ್ಲೆಯನ್ನು ತಟ್ಟಿ, ಅದು ಕೆಲಸವನ್ನು ಮರೆತು ಮೊದಲಿನಿಂದ ಆರಂಭಿಸುವಂತಾಗಬಹುದು. ಎರಡು ಕಡೆಯ ತಂತಿಗಳನ್ನು ದೂರದೂರ ಇಡುವುದೂ, ಬಿಲ್ಲೆಗೆ ಬೇರೆಯೇ ಆದ ವಿದ್ಯುತ್ ಮೂಲವನ್ನು ಒದಗಿಸುವುದೂ ಇದೇ ಕಾರಣದಿಂದ.

ಪಟ್ಟಿಗಳೇ ಇಲ್ಲದ ಇನ್ನೊಂದು ಸಾಧನವೂ ಬಳಕೆಯಲ್ಲಿದೆ. ಅದರಲ್ಲಿ ಬಿಲ್ಲೆ ಒಂದು ಪುಟ್ಟ ದೀಪವನ್ನು ಬೆಳಗಿಸುತ್ತದೆ. ಆ ಬೆಳಕು ಬಿದ್ದೊಡನೆ ಆಚೆಯ ಟ್ರೈಯಾಕ್ ಎಂಬ ಸಾಧನ ಕವಾಟಕ್ಕೆ ಪ್ರವಾಹವನ್ನು ಬಿಡುತ್ತದೆ. ಇಲ್ಲಿ ಆಜ್ಞೆಯನ್ನು ಹೊತ್ತು ದಾಟುವುದು ಬೆಳಕು. 50 ಆವರ್ತಗಳ ಪರ್ಯಾಯ ಪ್ರವಾಹ ಸೆಕೆಂಡಿಗೆ 100 ಸಲ ಶೂನ್ಯಕ್ಕೆ ಇಳಿಯುತ್ತದೆ. ದೀಪ ಆರಿದ ಮೇಲೂ ಟ್ರೈಯಾಕ್ ಆ ಶೂನ್ಯದ ಕ್ಷಣದವರೆಗೆ ಕಾದು ಅನಂತರ ಪ್ರವಾಹವನ್ನು ನಿಲ್ಲಿಸುತ್ತದೆ. ಪ್ರವಾಹವೇ ಶೂನ್ಯವಾಗಿರುವಾಗ ಸುರುಳಿಯಲ್ಲಿ ಕೂಡಿಟ್ಟ ಶಕ್ತಿಯಿಲ್ಲ. ಆದುದರಿಂದ ಹೊಡೆತವೂ ಇಲ್ಲ. ಆದರೂ ಸುರುಳಿಯಲ್ಲಿ ಪ್ರವಾಹ ಒತ್ತಡಕ್ಕಿಂತ ಹಿಂದೆ ಬೀಳುವುದರಿಂದ, ಪ್ರವಾಹ ನಿಂತ ಗಳಿಗೆಯಲ್ಲಿ ಒತ್ತಡ ಥಟ್ಟನೆ ಏರಿ ಟ್ರೈಯಾಕನ್ನು ಮತ್ತೆ ಎಬ್ಬಿಸುವ ಸಂಭವವುಂಟು. ಅದನ್ನು ತಡೆಯಲು ಇಲ್ಲಿಯೂ ರೋಧಕ ಧಾರಕಗಳ ಜೋಡಿಯೇ ನೆರವಾಗುತ್ತದೆ. ಸಾಧನ ಹೊಸದಾದರೂ ಅದು ಗೌರವಿಸಬೇಕಾದ ನಿಯಮ ಹೆನ್ರಿ 1832ರಲ್ಲಿ ಪ್ರಕಟಿಸಿದುದೇ.

ಇನ್ನು ಹೆನ್ರಿಯ ಮುಂದಿನ ಬಾಳನ್ನು ನೋಡೋಣ. ತನ್ನ ಶೋಧನೆಗಳಿಂದ ಅವನು ಧನವಂತನಾಗಬಹುದಾಗಿತ್ತು. ಆದರೆ ಅವನು ಯಾವುದಕ್ಕೂ ಪೇಟೆಂಟನ್ನು ಪಡೆಯಲಿಲ್ಲ. ವಿಜ್ಞಾನದ ಫಲ ಎಲ್ಲರ ಸೊತ್ತೆಂಬುದು ಅವನ ನಂಬಿಕೆ. ಸ್ಯಾಮ್ಯುಯಲ್ ಮೋರ್ಸ್ ಟೆಲಿಗ್ರಾಫನ್ನು ರೂಪಿಸುತ್ತಿದ್ದಾಗ ಅವನ ಯಂತ್ರದ ಪ್ರವಾಹ ದೂರ ಸಾಗುತ್ತಿರಲಿಲ್ಲ. ಹೆನ್ರಿಯ 1831ರ ಲೇಖನವನ್ನು ಓದಿದ್ದ ಲೆನರ್ಡ್ ಗೇಲ್ ಎಂಬ ಪ್ರಾಧ್ಯಾಪಕನು ಅದರಲ್ಲಿದ್ದ ಮಾರ್ಗವನ್ನು ಮೋರ್ಸನಿಗೆ ತೋರಿಸಿದನು. ಹೆನ್ರಿಯೂ ಕೇಳಿದಾಗಲೆಲ್ಲ ಸಂಕೋಚವಿಲ್ಲದೆ ಸಲಹೆ ನೀಡಿದನು. 1842ರಲ್ಲಿ ಮೋರ್ಸನಿಗೆ ಬೆಂಬಲದ ಪತ್ರವನ್ನೂ ಬರೆದುಕೊಟ್ಟನು. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ಟೆಲಿಗ್ರಾಫ್ ನಡೆಯಿತು. ಮೋರ್ಸನಿಗೆ ಹಣವೂ ಕೀರ್ತಿಯೂ ದೊರೆತವು.

ಅನಂತರ ಟೆಲಿಗ್ರಾಫಿನ ಹಕ್ಕಿಗಾಗಿ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳೆದ್ದವು. 1849ರಲ್ಲಿ ಹೆನ್ರಿ ಸಾಕ್ಷಿ ಹೇಳಬೇಕಾಯಿತು. ಯಾವ ತತ್ತ್ವ ಯಾರಿಂದ ಯಾವಾಗ ಬಂದಿತೆಂಬುದನ್ನು ಅವನು ಇದ್ದದ್ದು ಇದ್ದಂತೆ ಹೇಳಿದನು. ಇದರಿಂದ ಕೆರಳಿದ ಮೋರ್ಸ್, ಹೆನ್ರಿಯಿಂದ ತನಗೆ ಏನೂ ದೊರೆತಿಲ್ಲವೆಂದೂ, ಅವನ ಸಾಕ್ಷ್ಯ ನಂಬತಕ್ಕುದಲ್ಲವೆಂದೂ 1855ರಲ್ಲಿ ದೀರ್ಘವಾದ ಆಪಾದನೆಯನ್ನು ಪ್ರಕಟಿಸಿದನು. ಸತ್ಯವಂತನೆಂಬ ಹೆಸರನ್ನು ಬಿಟ್ಟು ಬೇರೆ ಯಾವ ಆಸ್ತಿಯನ್ನೂ ಅಪೇಕ್ಷಿಸದಿದ್ದವನಿಗೆ ಇದಕ್ಕಿಂತ ದೊಡ್ಡ ನೋವುಂಟೆ? ಆದರೂ ಅವನು ಬೀದಿಯ ಜಗಳಕ್ಕಿಳಿಯಲಿಲ್ಲ. ತಾನು ದುಡಿಯುತ್ತಿದ್ದ ಸಂಸ್ಥೆಯ ಆಡಳಿತ ಮಂಡಲಿಯ ಮುಂದೆ ವಿಷಯವನ್ನಿಟ್ಟು ವಿಚಾರಣೆ ನಡೆಸಬೇಕೆಂದು ಕೋರಿದನು. ಮಂಡಲಿಯ ಸಮಿತಿ ದಾಖಲೆಗಳನ್ನೆಲ್ಲ ಪರಿಶೀಲಿಸಿ, 1858ರಲ್ಲಿ ಹೆನ್ರಿಯ ಮಾತೇ ಸತ್ಯವೆಂದು ಎತ್ತಿಹಿಡಿಯಿತು.

ಆ ಸಂಸ್ಥೆಯೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ. ಅಮೆರಿಕವನ್ನು ಎಂದೂ ಕಾಣದಿದ್ದ ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಜ್ಞಾನದ ಬೆಳವಣಿಗೆಗಾಗಿ ಬಿಟ್ಟುಹೋದ ಸಂಪತ್ತಿನಿಂದ ಅದು ಹುಟ್ಟಿತು. 1846ರಲ್ಲಿ ಹೆನ್ರಿ ಅದರ ಮೊದಲ ಕಾರ್ಯದರ್ಶಿಯಾದನು. ಪ್ರಿನ್ಸ್‌ಟನ್ನಿನ ಪ್ರಯೋಗಶಾಲೆಯನ್ನು ಬಿಟ್ಟು ಆಡಳಿತದ ಹೊಣೆ ಹೊರುವುದು ಅವನಿಗೆ ಸುಲಭದ ನಿರ್ಧಾರವಾಗಿರಲಿಲ್ಲ. ಸ್ವಂತ ಸಂಶೋಧನೆ ಬಹುಮಟ್ಟಿಗೆ ಅಲ್ಲಿಗೆ ನಿಂತಿತು. ಇತರರ ಸಂಶೋಧನೆ ಬೆಳೆಯಿತು. ಟೆಲಿಗ್ರಾಫಿನ ಮೂಲಕ ದೇಶದ ನಾನಾ ಕಡೆಗಳಿಂದ ಹವಾಮಾನದ ವರದಿಗಳನ್ನು ತರಿಸಿ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥೆಯನ್ನು ಅವನು ಕಟ್ಟಿದನು. ದೀಪಸ್ತಂಭಗಳ ಮಂಡಲಿಯಲ್ಲಿ 1852ರಿಂದ ಸೇವೆ ಸಲ್ಲಿಸಿ, ತಿಮಿಂಗಿಲದ ದುಬಾರಿ ಎಣ್ಣೆಗೆ ಬದಲಾಗಿ ಹಂದಿಯ ಕೊಬ್ಬಿನ ಎಣ್ಣೆಯನ್ನು ಉರಿಸಬಹುದೆಂದು ಪರೀಕ್ಷಿಸಿ ತೋರಿಸಿದನು. 1865ರ ಜನವರಿಯಲ್ಲಿ ಸಂಸ್ಥೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅವನ ಕಾಗದಪತ್ರಗಳಲ್ಲಿ ಬಹಳಷ್ಟು ಸುಟ್ಟುಹೋದವು. ಆ ನಷ್ಟವನ್ನೂ ಅವನು ಸಹಿಸಿಕೊಂಡನು.

1875ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬ ತರುಣನು ಮುದುಕನಾಗಿದ್ದ ಹೆನ್ರಿಯ ಬಳಿಗೆ ಬಂದನು. ತಂತಿಯ ಮೂಲಕ ಮಾತನ್ನೇ ಕಳುಹಿಸುವ ಆಸೆ ಅವನದು. ತನಗೆ ವಿದ್ಯುತ್ ವಿಜ್ಞಾನದ ಜ್ಞಾನ ಸಾಲದೆಂದು ಅವನು ಹಿಂಜರಿದಾಗ, ಇಲ್ಲದ ಜ್ಞಾನವನ್ನು ಸಂಪಾದಿಸಿಕೊಂಡು ಮುಂದುವರಿಯುವಂತೆ ಹೆನ್ರಿ ಅವನನ್ನು ಹುರಿದುಂಬಿಸಿದನು. ಮೋರ್ಸನಿಂದ ಬಂದ ನೋವು ಹೊಸಬರಿಗೆ ನೆರವಾಗುವ ಅವನ ಸ್ವಭಾವವನ್ನು ಬತ್ತಿಸಿರಲಿಲ್ಲ.

1878ರ ಮೇ 13ರಂದು ಹೆನ್ರಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡನು. ಅಮೆರಿಕದ ಅಧ್ಯಕ್ಷರೂ ಅವನ ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು. 1893ರಲ್ಲಿ ಷಿಕಾಗೋದಲ್ಲಿ ನೆರೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಸ್ವಪ್ರೇರಣೆಯ ಮಾನಕ್ಕೆ ಅವನ ಹೆಸರನ್ನೇ ಇಟ್ಟಿತು. ಫ್ಯಾರಡೆಯ ಹೆಸರು ಧಾರಕಗಳ ಮೇಲೆ ನಿಂತಂತೆ ಹೆನ್ರಿಯ ಹೆಸರು ಸುರುಳಿಗಳ ಮೇಲೆ ನಿಂತಿತು. ಅಂದು ಒಂದೇ ಶೋಧನೆಯ ದಾರಿಯಲ್ಲಿ ನಡೆದ ಇಬ್ಬರು ಇಂದು ಒಂದೇ ಮಂಡಲದಲ್ಲಿ ಅಕ್ಕಪಕ್ಕದಲ್ಲಿದ್ದಾರೆ.

ಹಾರಿದ ಕಿಡಿಯನ್ನು ಹೆನ್ರಿಗಿಂತ ಮೊದಲೂ ಎಷ್ಟೋ ಜನ ನೋಡಿದ್ದಿರಬಹುದು. ಅದು ಏಕೆ ಹಾರಿತೆಂದು ಕೇಳಿದವನು ಹೆನ್ರಿ. ಅಪಾಯದ ಕಾರಣವನ್ನು ಅರಿತವನಿಗೆ ಮಾತ್ರ ಅದರ ಪರಿಹಾರ ಕೈಗೆಟುಕುತ್ತದೆ. ಬಲಶಾಲಿಯಾದ ಶಕ್ತಿಯನ್ನು ಬಲದಿಂದ ಎದುರಿಸದೆ, ಅದಕ್ಕೆ ತಕ್ಕ ದಾರಿಯನ್ನು ತೋರಿಸಿ, ತಾನು ತಕ್ಕ ಅಂತರದಲ್ಲಿ ನಿಂತು ಅದನ್ನು ನಡೆಸಬೇಕೆಂಬ ವಿವೇಕ ಅವನ ಉಪಕರಣಗಳಲ್ಲಿದೆ. ಕೀರ್ತಿ, ಧನಗಳ ಸೆಳೆತಕ್ಕೆ ಸಿಕ್ಕದೆ ಲೋಕಕ್ಕೆ ಉಪಕಾರ ಮಾಡಿದ ಅವನ ಬಾಳಿನಲ್ಲಿಯೂ ಅದೇ ವಿವೇಕ ಬೆಳಗುತ್ತದೆ.